ನೊರೆ ಯಂತ್ರ ಮತ್ತು ಯಾಮಿಲ್‌ನ ಹಲ್ಲು

ಯಾಮಿಲ್,

ಮೀನಿನ ತೊಟ್ಟಿಗೆ ಸಮುದ್ರದ ನೀರು ತರೋಕೆ ಲಾ ಪಾರ್ಗೆರಾ ಕಡಲ ತೀರಕ್ಕೆ ಹೋಗ್ತಿದ್ದೀನಿ. ನೊರೆ ಯಂತ್ರ ಹಾಕ್ಬೇಡ.

ಗುಳ್ಳೆಗಳು ಕೊಳೆ ಹೊತ್ಕೊಂಡು ಮೇಲಿನ ಬಟ್ಟಲಿಗೆ ಏರೋದು ಬಿಟ್ಟು, ನಿನ್ನೆ ಅದು ನೆಲದ ತುಂಬಾ ನೊರೆ ಕಕ್ತು, ಮೂರು ಮೀನು ಸತ್ವು. ಪಂಪಿನ ಚಕ್ರಕ್ಕೆ ನೀನು ಕಟ್ಟಿದ ಬಲೆಯಿಂದಲೇ ಹೀಗಾಯ್ತು ಅಂತ ನಿನ್ನ ಗೋಡೆಗೊತ್ತಿ ಹಲ್ಲು ಉದುರೋ ಹಾಗೆ ಹೊಡೆದೆ. “ಅಣ್ಣಾ, ಬಲೆ ಗುಳ್ಳೆನ ಸಣ್ಣಗೆ ಒಡೆಯುತ್ತೆ ಅಷ್ಟೆ” ಅಂತ ನೀನು ರಕ್ತ ಉಗೀತಾ ಹೇಳ್ತಾನೇ ಇದ್ದೆ.

ಬೆಳಿಗ್ಗೆ ಆ ಬಟ್ಟಲು ಮೂಸಿದೆ. ನಿಂಬೆ ಸೋಪಿನ ವಾಸನೆ. ಮೊನ್ನೆ ಅದನ್ನ ಊಟದ ತಟ್ಟೆಗಳ ಜೊತೆ ಸೋಪು ಹಾಕಿ ಉಜ್ಜಿದವನು ನಾನೇ.

ಬಲೆ ಬಿಚ್ಚಬೇಡ. ಅನ್ನದ ಅಸೊಪಾವೊ ಒಲೆ ಮೇಲಿದೆ, ಗಂಜಿ ತರ ತೆಳ್ಳಗೆ ಮಾಡಿದ್ದೀನಿ, ಜಗಿಯೋದು ಬೇಕಿಲ್ಲ.

ನಿನ್ನ ಬೇಸ್‌ಬಾಲ್ ಬ್ಯಾಟು ಬಾಗಿಲ ಹಿಂದಿದೆ. ನಾನು ಬಂದ ತಕ್ಷಣ ತಲೆ ಬಿಟ್ಟು ಎಲ್ಲಿ ಬೇಕಾದ್ರೂ ಹೊಡಿ, ಮಾತು ಆಮೇಲೆ.

ಎಲಿಯಾಸರ್