ಪಾಲಪ್ಪನ ಜಾಗದಲ್ಲಿ ನಿಂತ ತಮ್ಮನಿಗೆ

ಕೊಡಿಗೇನಹಳ್ಳಿ,
ಯುವ ಸಂವತ್ಸರ, ಮಾಘ ಮಾಸ

ತಮ್ಮ ಜುಂಜಪ್ಪನಿಗೆ ಅಕ್ಕ ಲಕ್ಕಮ್ಮ ಹೇಳಿ ಬರೆಸಿದ್ದು.

ನಿನ್ನ ಕಾಗದ ಬಂತು. ಸುಗ್ಗಿ ಮುಗಿದ ಮೇಲೆ ಹಟ್ಟಿಗೆ ಬಂದು ನನ್ನನ್ನು ಒಂದು ಸಲ ನೋಡಿಕೊಂಡು ಹೋಗಲೇ ಎಂದು ಕೇಳಿದ್ದೀಯ. ಬರಬೇಡ. ಬಂದರೂ ನಾನು ಬಾಗಿಲು ತೆಗೆಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟಿದ್ದೇನೆ, ಇನ್ನು ನಿಧಾನವಾಗಿ ಬೈಯುತ್ತೇನೆ.

ಕಾಗದ ಬರೆಯುತ್ತಿರುವವರು ಇಲ್ಲಿನ ಶಾಲೆಯ ರೇಣುಕಯ್ಯ ಮೇಷ್ಟ್ರು. ನಾನು ಹೇಳುವುದು ನನ್ನ ಬಾಯಿಗೆ ಬಂದಂತೆ, ಅವರು ಬರೆಯುವುದು ಪುಸ್ತಕದ ಕನ್ನಡದಲ್ಲಿ. ಬೇರೆಯವರು ಆಡಿದ ಮಾತನ್ನು ಮಾತ್ರ ಆಡಿದ ಹಾಗೆಯೇ ಬರೆಯುತ್ತಾರಂತೆ. ಈಗಷ್ಟೇ ನಿನ್ನನ್ನು ನಾನು ಕರೆದ ಒಂದು ಹೆಸರನ್ನು ಬರೆಯಲು ಅವರು ಒಪ್ಪಲಿಲ್ಲ. ಅದೇನೆಂದು ನೀನೇ ಊಹಿಸಿಕೋ, ಚಿಕ್ಕಂದಿನಿಂದ ಕೇಳಿದ್ದೇ. ಲಕೋಟೆಯ ಮೇಲೆ ಸಂಜೀವಯ್ಯ ಎಂದೇ ಬರೆಯಬೇಕಂತೆ, ಇಲ್ಲದಿದ್ದರೆ ಕೊರಟಗೆರೆಯ ಟಪಾಲಿನವನಿಗೆ ನೀನು ಯಾರೆಂದು ತಿಳಿಯುವುದಿಲ್ಲವಂತೆ. ನಿಮ್ಮ ಪಾದ್ರಿ ಅಯ್ಯನವರು ಸ್ನಾನ ಮಾಡಿಸಿ ಇಟ್ಟ ಹೆಸರು ಚೆನ್ನಾಗಿಯೇ ಇದೆ. ನನ್ನ ನಾಲಿಗೆ ಮಾತ್ರ ಅದಕ್ಕೆ ಹೊರಳುವುದಿಲ್ಲ.

ಮೇಷ್ಟ್ರಿಗೆ ಕಥೆಯ ತಲೆಬುಡ ತಿಳಿಯದೆ ಬರೆಯಲು ಆಗುವುದಿಲ್ಲವಂತೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಹೇಳಿಸುತ್ತಿದ್ದೇನೆ. ನೀನು ಮಾಡಿದ್ದು ನಿನಗೆ ಗೊತ್ತು, ಅದು ಇಲ್ಲಿ ನಿಂತವರಿಗೆ ಹೇಗೆ ಕಂಡಿತೆಂದು ನೀನು ಯಾವತ್ತೂ ಕೇಳಿಸಿಕೊಂಡಿಲ್ಲ.

ದೇವರ ಹೆಸರಿನಲ್ಲಿ ಬಿಟ್ಟ ಟಗರನ್ನು ನೀನು ಶಿರಾ ಸಂತೆಯಲ್ಲಿ ಮಾರಿದೆ. ಆ ದಿನ ಮಂದೆಯ ಜೊತೆ ಇದ್ದವರು ನೀನು ಮತ್ತು ಪಾಲಪ್ಪ. ಹಟ್ಟಿಯ ಗೌಡ ನಿಮ್ಮಿಬ್ಬರನ್ನೂ ಗುಡಿಯ ಮುಂದೆ ನಿಲ್ಲಿಸಿ, ದೀಪ ಆರಿಸಿ ಆಣೆ ಇಡಿ ಎಂದ. ಆಗ ಪಾಲಪ್ಪನ ಹೆಂಡತಿ ಹೊನ್ನಕ್ಕ ತುಂಬಿದ ಬಸುರಿ. ಮನೆಯಲ್ಲಿ ಬಸುರಿ ಇರುವಾಗ ಗಂಡನಾದವನು ಉರಿಯುವ ದೀಪ ಆರಿಸಿದರೆ ಹೊಟ್ಟೆಯಲ್ಲಿರುವ ಕೂಸಿಗೆ ಕೇಡು ಎಂದು ನಮ್ಮ ಹಟ್ಟಿಯ ಮಕ್ಕಳಿಗೂ ಗೊತ್ತು. ಪಾಲಪ್ಪ ಕೈಮುಗಿದು, "ಕೂಸು ಉಟ್ಲಿ ಗೌಡ್ರೇ, ಆಮ್ಯಾಕೆ ಎಲ್ಲಿ ಅಂದ್ರೆ ಅಲ್ಲಿ ಆಣೆ ಇಕ್ತೀನಿ" ಎಂದ. ದೇವರ ಕೆಲಸ ನಿನ್ನ ಹೆಂಡತಿಯ ಹೆರಿಗೆಗೆ ಕಾಯುತ್ತದೇನಯ್ಯಾ ಎಂದು ಜನ ನಕ್ಕರು. ನೀನು ಮುಂದೆ ಹೋಗಿ ಬತ್ತಿ ಹೊಸಕಿದೆ. ಆಣೆ ಇಟ್ಟವನು ಸಾಚಾ, ಹಿಂದೆ ಸರಿದವನು ಕಳ್ಳ ಎಂದು ತೀರ್ಮಾನವಾಯಿತು. ಅವನು ದೀಪ ಮುಟ್ಟಲಾರನೆಂದು ತಿಳಿದೇ ನೀನು ಹೆಜ್ಜೆ ಮುಂದಿಟ್ಟಿದ್ದೆ. ಟಗರು ಕದ್ದದ್ದಕ್ಕಿಂತ ನನ್ನ ಹೊಟ್ಟೆ ಉರಿಸುವುದು ಅದು.

ಪಾಲಪ್ಪನಿಗೆ ನೀರು, ಬೆಂಕಿ ನಿಂತವು. ಹಟ್ಟಿಯ ಮುಳ್ಳುಬೇಲಿಯ ಆಚೆ ಗುಡಿಸಲು ಹಾಕಿಕೊಂಡ. ಹೊನ್ನಕ್ಕ ಒಬ್ಬಳೇ ಹೆತ್ತಳು, ಹೆಣ್ಣು ಮಗು, ಬೊಮ್ಮಕ್ಕ. ಕೂಲಿಗಾಗಿ ಅವರು ನಾಗಲಮಡಿಕೆಯವರೆಗೂ ನಡೆದು ಹೋಗುತ್ತಿದ್ದರು. ಇತ್ತ ನೀನು ಕಂಬಳಿ ಮಾರಿಕೊಂಡು ಬರುತ್ತೇನೆ ಎಂದು ಹೊರಟವನು ಹಿಂದಿರುಗಲಿಲ್ಲ. ಸತ್ತಿದ್ದಾನೆ ಎಂದರು ಕೆಲವರು. ನಾನು ಅಳಲಿಲ್ಲ. ಅವ್ವ ಸತ್ತ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ನೀನು ಅಷ್ಟು ಸುಲಭವಾಗಿ ಸಾಯುವವನಲ್ಲ ಎಂದು ನನಗೆ ಗೊತ್ತಿತ್ತು.

ಆ ಕೂಸು ಮದುವೆಗೆ ಬೆಳೆದು ನಿಂತ ಮೇಲೆ, ಹೋದ ಕಾರ್ತಿಕದಲ್ಲಿ ಬಂದೆಯಲ್ಲ, ಬಿಳಿ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು. ನಾನು ಮೊದಲು ಅಮಲ್ದಾರರ ಕಡೆಯವನೆಂದು ತಿಳಿದು ಎದ್ದು ನಿಂತೆ. ಆಮೇಲೆ ನಿನ್ನ ಕಿವಿ ನೋಡಿ ಗುರುತು ಹಿಡಿದೆ. ಮುದ್ದೆ ಇಕ್ಕಿದೆ. ನೀನು ಉಣ್ಣುವ ಮೊದಲು ಕಣ್ಣು ಮುಚ್ಚಿ ಕೂತದ್ದನ್ನು ನೋಡಿ ನನಗೆ ನಗು ಬಂದಿತ್ತು, ಹೇಳಲಿಲ್ಲ. ಉಣ್ಣುತ್ತಲೇ ಎಲ್ಲವನ್ನೂ ಹೇಳಿದೆ. ಜ್ವರ ಬಂದು ದಾರಿಯಲ್ಲಿ ಬಿದ್ದಿದ್ದವನನ್ನು ಪಾದ್ರಿ ಅಯ್ಯನವರು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಉಳಿಸಿದ್ದು, ಅಲ್ಲೇ ಓದು ಕಲಿತದ್ದು, ಯೇಸುಸ್ವಾಮಿಯ ಶಿಷ್ಯನಾದದ್ದು. ಉಪದೇಶಿಯಾಗಿ ಹಳ್ಳಿಗಳಿಗೆ ಹೋಗುತ್ತೇನೆ ಎಂದು ನೀನು ಕೇಳಿದಾಗ ಆ ಅಯ್ಯನವರು ಏನೆಂದರು ಎಂದು ಹೇಳಿದೆಯೋ ಅದು ನನಗೆ ಮರೆತಿಲ್ಲ. ಬೇರೆಯವರಿಗೆ ಪಶ್ಚಾತ್ತಾಪ ಪಡಿ ಎಂದು ಹೇಳುವ ಮೊದಲು ನಿಮ್ಮ ಹಟ್ಟಿಗೆ ಹೋಗಿ ಬಾ ಎಂದರಂತೆ. ಆ ಮನುಷ್ಯನನ್ನು ನಾನು ನೋಡಿಲ್ಲ, ಆದರೂ ಅವರ ಮೇಲೆ ನನಗೆ ಗೌರವವಿದೆ.

ಗುಡಿಯ ಮುಂದೆ ಎಲ್ಲರನ್ನೂ ಸೇರಿಸಿದೆ. ಪಾಲಪ್ಪನನ್ನೂ ಕರೆಸಿದೆ, ಅವನು ದೂರದಲ್ಲಿ ನಿಂತ. ಟಗರು ಕದ್ದವನು ನಾನು, ಸುಳ್ಳಾಣೆ ಇಟ್ಟವನು ನಾನು ಎಂದು ಹೇಳಿದೆ. ಆಮೇಲೆ ಹೋಗಿ ಪಾಲಪ್ಪನ ಕಾಲು ಹಿಡಿಯಲು ಬಗ್ಗಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡು ಅಂದ ಮಾತು ನಿನಗೂ ನೆನಪಿರುತ್ತದೆ. "ನಮ್ಮವ್ವ ಸತ್ತಾಗ ಹೆಣ ಹೊರಾಕೆ ನಾನೂ ನನ್ನ ಹೆಂಡ್ತಿನೂ ಇಬ್ರೆಯ ಕಣ್ಲಾ. ಅದನ್ನ ನಿನ್ನ ಯಾವ ದೇವ್ರು ವಾಪಸ್ ಕೊಡ್ತಾನೆ?" ಆ ಹೊತ್ತಿನಲ್ಲಿ ನೀನು ನಿನ್ನ ಸ್ವಾಮಿಯ ಪುಸ್ತಕ ತೆಗೆದು ಏನಾದರೂ ಓದಿದ್ದರೆ ನಾನೇ ಎದ್ದು ಬಂದು ನಿನ್ನ ಕಪಾಳಕ್ಕೆ ಕೊಡುತ್ತಿದ್ದೆ.

ಗೌಡ ಯೋಚಿಸಿ ಹೇಳಿದ. "ತಪ್ಪು ಒಪ್ಕಂಡೆ, ಸರಿ. ನೀನು ಆರ್ಸಿದ ದೀಪ ನೀನೇ ಅಚ್ಚು. ಅಡ್ಡಬಿದ್ದು ತಪ್ಪುಕಾಣಿಕೆ ಇಕ್ಕು. ಪಾಲಪ್ಪನ್ನ ಒಳೀಕೆ ಕರ್ಕತೀವಿ." ನನಗೆ ಎಷ್ಟು ನೆಮ್ಮದಿಯಾಯಿತು! ಒಂದು ದೀಪ ಹಚ್ಚುವುದು, ಎಷ್ಟು ಹೊತ್ತಿನ ಕೆಲಸ? ಬೊಮ್ಮಕ್ಕನಿಗೆ ಪಾವಗಡದ ಕಡೆಯ ಹಟ್ಟಿಯೊಂದರಿಂದ ಗಂಡು ಬಂದಿತ್ತು. ಹುಡುಗನ ಅಪ್ಪ ಗುಡಿಸಲ ಮುಂದೆ ನಿಂತು, "ಪಿಲ್ಲ ಮಂಚಿದೇ ಕಣಮ್ಮ, ಕುಲ ಒಪ್ಪಬೇಕಲ್ಲ" ಎಂದು ಹೇಳಿ ಹೋಗಿದ್ದ. ಹುಡುಗಿ ಒಳ್ಳೆಯವಳೇ ಎಂದು ಅವನೇ ತನ್ನ ತೆಲುಗಿನಲ್ಲಿ ಹೇಳಿದ್ದ, ಅಡ್ಡ ಬಂದದ್ದು ಅಪ್ಪನನ್ನು ಹೊರಗಿಟ್ಟ ಹಟ್ಟಿಯ ಕಟ್ಟು. ನೀನು ದೀಪ ಹಚ್ಚಿದ್ದರೆ ಅದೇ ಹೊತ್ತಿಗೆ ಎಲ್ಲವೂ ಬಗೆಹರಿಯುತ್ತಿತ್ತು.

ನೀನು ಹಚ್ಚಲಿಲ್ಲ. "ನಂಬ್ಕೆ ಇಲ್ದೆ ದೀಪ ಅಚ್ಚಿದ್ರೆ ಅದೂ ಸುಳ್ಳಾಣೆನೇ ಗೌಡ್ರೇ. ಇದೇ ಜಾಗದಾಗೆ ಎಲ್ಡನೇ ಸಲ ಸುಳ್ಳು ಯೋಳಕಿಲ್ಲ" ಎಂದೆ. ಜನ ರೇಗಿದರು. ನಾನು ಎಲ್ಲರಿಗಿಂತ ಹೆಚ್ಚು ರೇಗಿದೆ. ನಿನ್ನ ನಿಯಮದ ಸಲುವಾಗಿ ಆ ಹೆಣ್ಣುಮಗು ಕೊಳೆಯಬೇಕೇನೋ ಎಂದು ಕೂಗಿದೆ. ಆ ದಿನದ ಕೋಪದಲ್ಲಿ ನನಗೆ ಕಾಣದೆ ಇದ್ದದ್ದು ಆಮೇಲೆ ನಿಧಾನವಾಗಿ ಕಂಡಿತು. ಮೊದಲ ಸಲ ಬಾಯಿಗೆ ಬಂದದ್ದನ್ನು ಹೇಳಿ ಪಾರಾಗಿದ್ದವನು ನೀನು. ಎರಡನೆಯ ಸಲವೂ ಪಾರಾಗುವ ದಾರಿ ಮುಂದೆಯೇ ಇತ್ತು, ಅದನ್ನು ಹಿಡಿಯಲಿಲ್ಲ. ಮನುಷ್ಯ ಬದಲಾಗಿದ್ದಾನೆ ಎಂದು ನಾನು ಒಪ್ಪಿಕೊಂಡದ್ದು ಅದರಿಂದ, ನಿನ್ನ ಬಿಳಿ ಅಂಗಿಯಿಂದಲ್ಲ.

ದೇವರ ಟಗರಿನ ಲೆಕ್ಕಕ್ಕೆ ಯಾರಾದರೂ ಒಬ್ಬ ಹೊರಗಿರಲೇಬೇಕು ಎಂದ ಗೌಡ. ಆಗ ನೀನು, "ನನ್ನ ತಪ್ಪಿಗೆ ನನ್ನ ಬದ್ಲು ಯೇಸುಸ್ವಾಮಿ ನಿಂತ್ಕಂಡ. ಅದಕ್ಕೇ ನಾನು ಬದುಕಿವ್ನಿ. ಈಗ ಪಾಲಪ್ಪನ ಬದ್ಲು ನಾನು ನಿಂತ್ಕತೀನಿ, ನನ್ನ ಹೊರಗೆ ಹಾಕಿ" ಎಂದೆ. ಗೌಡ ನಕ್ಕುಬಿಟ್ಟ. ಆ ಮತಕ್ಕೆ ಸೇರಿದಾಗಲೇ ನೀನು ಹೊರಗಾಗಿದ್ದೀಯ, ಅದರಲ್ಲಿ ನೀನು ಕಳೆದುಕೊಳ್ಳುವುದೇನು ಎಂದ. ಹಾಗೆ ಹೇಳುತ್ತಾ ಅವನ ಕಣ್ಣು ನನ್ನ ಕಡೆ ತಿರುಗಿತು. "ಲಕ್ಕಮ್ಮನ ಮನೆ ಬಾಗ್ಲು ಇನ್ನೂ ತೆಗೆದೈತಲ್ಲ ನಿಂಗೆ. ಅದು ಮುಚ್ಚಬೇಕು. ಮದ್ವೆ ಇರ್ಲಿ, ಸಾವಿರ್ಲಿ, ಆ ಹೊಸ್ಲು ನೀನು ತುಳಿಯಂಗಿಲ್ಲ. ಅವಳು ನಿಂಗೆ ತೊಟ್ಟು ನೀರು ಕೊಡಂಗಿಲ್ಲ. ಕೊಟ್ಟ ದಿನ ಪಾಲಪ್ಪ ತಿರುಗಾ ಆಚೀಕೆ. ಒಪ್ಪಿಗೇನಾ?"

ನೀನು ನನ್ನನ್ನು ನೋಡಿದೆ. ನೋಡಿ, ಒಪ್ಪಿಗೆ ಎಂದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನು ಗಂಡ ಸತ್ತವಳು, ಮಕ್ಕಳಿಲ್ಲದವಳು. ಸತ್ತನೆಂದು ಜನ ಹೇಳಿದ ತಮ್ಮ ಬೆಳಿಗ್ಗೆ ತಾನೇ ಬಂದು ನನ್ನ ಮನೆಯಲ್ಲಿ ಉಂಡಿದ್ದ. ಮಧ್ಯಾಹ್ನದ ಹೊತ್ತಿಗೆ ಅವನನ್ನು ಬಿಟ್ಟುಕೊಡಬೇಕಾಯಿತು. ನಿನ್ನ ಪಾಪಕ್ಕೆ ನೀನು ದಂಡ ತೆರುವುದು ನ್ಯಾಯ. ಅದರಲ್ಲಿ ಅರ್ಧ ನನ್ನ ಮಡಿಲಿನಿಂದ ಹೋಯಿತಲ್ಲ, ಅದನ್ನು ನಿನ್ನ ಸ್ವಾಮಿಗೆ ಹೇಳಿದ್ದೀಯಾ? ನೀನು ಹೋಗುವಾಗ ನಮ್ಮ ಬಾಗಿಲ ಮುಂದೆ ಒಂದು ಗಳಿಗೆ ನಿಂತೆ. ನಾನು ಒಳಗಿನಿಂದ ಅಗಣಿ ಹಾಕಿಕೊಂಡು ಅದಕ್ಕೇ ಒರಗಿ ಕೂತಿದ್ದೆ. ನನಗೆ ದುಃಖವಾಯಿತು ಜುಂಜ. ಈಗಲೂ ಇದೆ.

ಇನ್ನು ನಿನಗೆ ಗೊತ್ತಿಲ್ಲದ ಸುದ್ದಿ. ಪಾಲಪ್ಪನನ್ನು ಒಳಗೆ ಕರೆದುಕೊಂಡರು. ಗೌಡನೇ ಮೊದಲು ಅವನ ಕೈಯಿಂದ ವೀಳ್ಯ ತೆಗೆದುಕೊಂಡ. ಹಟ್ಟಿಯವರೆಲ್ಲ ಅವನ ಮನೆಯಲ್ಲಿ ಸಾಲಾಗಿ ಕೂತು ಉಂಡರು. ಹೊನ್ನಕ್ಕ ಬಡಿಸುತ್ತಾ ಬಡಿಸುತ್ತಾ ಒಂದೊಂದು ಎಲೆಯ ಮುಂದೆಯೂ ನಿಂತು ಉಣ್ಣುವವರ ಮುಖ ನೋಡುತ್ತಿದ್ದಳು. ಈ ತಿಂಗಳ ಮೊದಲಲ್ಲಿ ಬೊಮ್ಮಕ್ಕನ ಮದುವೆ ಆಯಿತು, ಅದೇ ಪಾವಗಡದ ಗಂಡಿನ ಜೊತೆ. ಇನ್ನೊಂದು ಮಾತು. ಮೊನ್ನೆ ಯಾವುದೋ ಕುರಿ ಜಗಳಕ್ಕೆ ದೀಪದ ಆಣೆ ಇಡಿಸುವ ಮೊದಲು ಗೌಡ, "ಮನೇಲಿ ಬಸ್ರಿ ಅದಾಳೇನ್ಲಾ?" ಎಂದು ಕೇಳಿದ. ಇದ್ದಾಳೆ ಎಂದಾಗ, ಹೆರಿಗೆ ಆಗಲಿ ನೋಡೋಣ ಎಂದು ಕಳಿಸಿದ. ನಿನ್ನ ಕಾಗದದಲ್ಲಿ, ಹಳ್ಳಿ ಹಳ್ಳಿ ತಿರುಗಿದರೂ ಒಬ್ಬನೂ ನನ್ನ ಮಾತು ಕೇಳುವುದಿಲ್ಲ ಎಂದು ಕೊರಗಿದ್ದೀಯ. ನಮ್ಮ ಹಟ್ಟಿಯಲ್ಲೂ ಯಾರೂ ನಿನ್ನ ಮತಕ್ಕೆ ಬರಲಿಲ್ಲ, ಬರುವಂತೆಯೂ ಕಾಣುವುದಿಲ್ಲ. ಆದರೆ ನೀನು ನಿಂತದ್ದನ್ನು ಎಲ್ಲರೂ ಕಂಡಿದ್ದಾರೆ. ಅಷ್ಟು ಸಾಕೋ ಇಲ್ಲವೋ ನಿಮ್ಮ ಅಯ್ಯನವರನ್ನು ಕೇಳು.

ಹೀಗಿರುವಾಗ ನೀನು ಬಂದು ನಾನು ಬಾಗಿಲು ತೆಗೆದರೆ ಏನಾಗುತ್ತದೆ ಹೇಳು. ಆ ಹುಡುಗಿಯನ್ನು ಗಂಡನ ಮನೆಯಿಂದ ವಾಪಸು ಅಟ್ಟುತ್ತಾರೆ. ನಿನ್ನ ಆಸೆ ನನಗೆ ಅರ್ಥವಾಗುತ್ತದೆ, ನನಗೂ ಅದೇ ಆಸೆ. ಆದರೂ ಬೇಡ.

ನಿನ್ನ ಕಾಗದ ಓದಿಸಿ ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಗೌಡನ ಹತ್ತಿರ ಹೋದೆ. ನನ್ನ ತಮ್ಮ ನಮ್ಮ ಹೊಸ್ತಿಲು ತುಳಿಯುವಂತಿಲ್ಲ, ಸರಿ. ನಾನು ಅವನ ಹೊಸ್ತಿಲು ತುಳಿದರೆ? ಅವನ ಮನೆಯ ನೀರು ಕುಡಿದರೆ? ಎಂದು ಕೇಳಿದೆ. ಗೌಡ ಗಡ್ಡ ಕೆರೆದುಕೊಂಡು, ಇದನ್ನು ನಾನು ಹೇಳುವುದಿಲ್ಲ, ನೋವು ಉಂಡವನನ್ನು ಕೇಳು, ಅವನು ಏನೆಂದರೆ ಅದು ಎಂದ.

ಪಾಲಪ್ಪ ಕುರಿಗಳಿಗೆ ನೀರು ಕುಡಿಸುತ್ತಿದ್ದ. ಕೇಳಲು ನನಗೆ ಬಾಯಿ ಬರಲಿಲ್ಲ. ಅವನ ಗುಡಿಸಲು ನಮ್ಮ ಹಿತ್ತಲಿನಿಂದ ಕಾಣುವಷ್ಟು ಹತ್ತಿರವಿತ್ತು. ಅಷ್ಟು ವರ್ಷ ನಾನೂ ಎಲ್ಲರಂತೆ ಆ ಕಡೆ ತಲೆ ಎತ್ತಲಿಲ್ಲ. ಹೇಗೋ ಕೇಳಿದೆ. ಅವನು ಕೊನೆಯ ಕುರಿಗೂ ನೀರು ಕುಡಿಸಿ ಮುಗಿಸಿದ. ನಿನ್ನನ್ನು ಕ್ಷಮಿಸಿದ್ದೇನೆ ಎನ್ನಲಿಲ್ಲ, ಆ ಮಾತನ್ನು ನಾನು ಸೇರಿಸಿ ಹೇಳುವುದಿಲ್ಲ. ಅವನು ಅಂದದ್ದನ್ನೂ ಅಂದ ಹಾಗೆಯೇ ಬರೆಯಿರಿ ಎಂದು ಮೇಷ್ಟ್ರಿಗೆ ಹೇಳಿದ್ದೇನೆ.

"ಓಗ್ಬುಟ್ ಬಾ ಲಕ್ಕಕ್ಕ. ಆಚೀಕಿರೋನು ದಿನಾ ದಾರಿ ನೋಡ್ತಿರ್ತಾನೆ. ನಂಗೊತ್ತು."

ಮುಂದಿನ ವಾರ ನಿಮ್ಮೂರ ಸಂತೆಯ ದಿನ ಇಲ್ಲಿಂದ ಮಧುಗಿರಿಗೆ ಮೋಟಾರಿನಲ್ಲಿ ಬಂದು, ಅಲ್ಲಿಂದ ಯಾವುದಾದರೂ ಗಾಡಿ ಹಿಡಿದು ಕೊರಟಗೆರೆಗೆ ಬರುತ್ತೇನೆ. ಸಂತೆಯ ಹತ್ತಿರ ನಿಂತಿರು. ನೀನು ಉಣ್ಣುವ ಮೊದಲು ಕಣ್ಣು ಮುಚ್ಚಿಕೊಳ್ಳುವಷ್ಟು ಹೊತ್ತು ಕಾಯುತ್ತೇನೆ, ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ನಿನ್ನ ಮನೆಯಲ್ಲಿ, ನಿನ್ನ ಮಡಕೆಯ ನೀರನ್ನು ನೀನೇ ಮೊಗೆದು ನನ್ನ ಬೊಗಸೆಗೆ ಹಾಕಬೇಕು.

ಅಲ್ಲಿಯವರೆಗೆ ನಮ್ಮ ದೇವರೂ ನಿನ್ನ ಸ್ವಾಮಿಯೂ ಯಾರಿಗೆ ಬಿಡುವಿದೆಯೋ ಅವರು ನಿನ್ನನ್ನು ಕಾಯಲಿ.

ನಿನ್ನನ್ನು ಹೊತ್ತು ಬೆಳೆಸಿದ ಅಕ್ಕ,
ಲಕ್ಕಮ್ಮ