ಇಬ್ಬರಿಗೆ ಕಾದಿರಿಸಿದ ಮೇಜು

ಕುಲಶೇಖರ, ಮಂಗಳೂರು
ಬುಧವಾರ, ೧೯ ಫೆಬ್ರವರಿ ೨೦೨೫

ಪ್ರೀತಿಯ ಶ್ರಾವಣಿ,

ನಿನಗೂ ಪುಟ್ಟಿಗೂ ಅತ್ತೆಯ ಆಶೀರ್ವಾದಗಳು. ಹೇಗಿದ್ದಿ? ಸೊಂಟನೋವು ಇಳಿಯಿತೇ? ಹಾಲು ಸಾಕಾಗುತ್ತಿದೆಯೇ? ಮೆಂತೆ ಗಂಜಿ ಕಹಿಯೆಂದು ಹಿತ್ತಿಲಿಗೆ ಚೆಲ್ಲಬೇಡ, ಬೆಲ್ಲ ಹೆಚ್ಚು ಹಾಕಿಸಿಕೊಂಡಾದರೂ ಕುಡಿ. ಪುಟ್ಟಿ ಹಗಲೆಲ್ಲ ನಿದ್ದೆ ಮಾಡಿ ರಾತ್ರಿ ಕಣ್ಣು ಬಿಟ್ಟುಕೊಂಡಿರುತ್ತಾಳೆಂದು ಶ್ರೀನಂದನ ಹೇಳಿದ. ಅಪ್ಪನ ಬುದ್ಧಿಯೇ ಬಂದಿದೆ, ಅವನೂ ಹಾಗೆಯೇ ನನ್ನ ನಿದ್ದೆಗೆಡಿಸಿದವನು. ಬಾಣಂತಿ ಮೊಬೈಲು ನೋಡಿದರೆ ಕಣ್ಣು ಕೆಡುತ್ತದೆಂದು ನಿನ್ನ ಅಮ್ಮ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರಂತೆ. ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಫೋನು ಮಾಡಿದ್ದರೆ ನಿನ್ನ ಮಾವ ಪಕ್ಕದಲ್ಲೇ ಕುಳಿತು ನನ್ನ ಒಂದೊಂದು ಮಾತನ್ನೂ ತಿದ್ದುತ್ತಿದ್ದರು. ನಾಳೆ ಬೆಳಗ್ಗೆ ಶ್ರೀನಂದನ ಪುತ್ತೂರಿಗೆ ಬರುವಾಗ ಇದನ್ನು ಅವನ ಕೈಯಲ್ಲಿ ಕೊಡುತ್ತೇನೆ. ಲಕೋಟೆಗೆ ಗೋಂದು ಹಾಕಿಯೇ ಕೊಡುತ್ತೇನೆ. ಯಾರ ಕೈಯಲ್ಲೂ ಓದಿಸಬೇಡ, ಕಿಟಕಿಯ ಬೆಳಕಿನಲ್ಲಿ ಕುಳಿತು ನೀನೇ ಓದು.

ನನಗೆ ಸಿಟ್ಟು ಬಂದಿದೆ ಶ್ರಾವಣಿ. ನಿನ್ನೆ ಸಂಜೆಯಿಂದ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಇಲ್ಲ. ಅದರಲ್ಲಿ ಸ್ವಲ್ಪ ಪಾಲು ನಿನಗೂ ಉಂಟು. ಬಿಜೈಯಲ್ಲಿ ಒಂದು ಚಂದದ ಹೋಟೆಲುಂಟು, ಮಹಡಿಯ ಮೇಲೆ ಸಣ್ಣ ಸಣ್ಣ ಮೇಜು, ಮೇಜಿಗೊಂದು ದೀಪ, ಬರೀ ಸಸ್ಯಾಹಾರಿ, ಒಮ್ಮೆ ಮಾವನನ್ನು ಕರೆದುಕೊಂಡು ಹೋಗಿ ಅತ್ತೆ ಎಂದು ನನ್ನ ತಲೆಗೆ ಹುಳ ಬಿಟ್ಟವಳು ನೀನೇ ಅಲ್ಲವೇ? ಆಗ ನಾನು ನಕ್ಕಿದ್ದೆ. ದೇವಸ್ಥಾನದಲ್ಲಿ ಪೂಜೆ ಮಾಡುವವರು ಹೊರಗಿನ ಅನ್ನ ಉಣ್ಣುವುದುಂಟೇ ಎಂದಿದ್ದೆ. ಆದರೆ ಪುಟ್ಟಿ ಹುಟ್ಟಿದಳು, ನಮಗೆಲ್ಲ ಹತ್ತು ದಿನದ ಅಮೆ ಬಂತು. ಮಗು ಹುಟ್ಟಿದ ಮೈಲಿಗೆ ಕಳೆಯುವ ತನಕ ನಿನ್ನ ಮಾವ ಗರ್ಭಗುಡಿಯ ಮೆಟ್ಟಿಲು ಹತ್ತುವ ಹಾಗಿಲ್ಲ. ಪೂಜೆಗೆ ಬೇರೆಯವರನ್ನು ಕರೆಸಿದ್ದಾರೆ. ಬ್ಯಾಂಕಿನವರಿಗೆ ಭಾನುವಾರವಾದರೂ ಇರುತ್ತದೆ, ದೇವರಿಗೆ ಭಾನುವಾರವಿಲ್ಲವಲ್ಲ. ಅರ್ಚಕರ ಹೆಂಡತಿಗೆ ಗಂಡ ಮಧ್ಯಾಹ್ನ ಮನೆಯಲ್ಲಿ ಸಿಗಬೇಕಾದರೆ ಕುಟುಂಬದಲ್ಲಿ ಯಾರಾದರೂ ಹುಟ್ಟಬೇಕು, ಇಲ್ಲವೇ ಯಾರಾದರೂ ಸಾಯಬೇಕು. ಸತ್ತಾಗ ಹೋಟೆಲಿಗೆ ಹೋಗಲಿಕ್ಕಾಗುವುದಿಲ್ಲ. ಹಾಗಾಗಿ ನಿನ್ನ ಮಗಳು ಕೊಟ್ಟ ರಜೆಯಿದು ಎಂದುಕೊಂಡು ನಾನೇ ಬಾಯಿ ಬಿಟ್ಟು ಕೇಳಿದೆ. ನಾವಿಬ್ಬರೂ ಒಮ್ಮೆ ಹೋಗುವ ಎಂದೆ.

ಕೇಳಿದ್ದು ಊಟದ ಆಸೆಗಲ್ಲ ಎಂದು ನಿನಗೆ ಗೊತ್ತಿರಲಿ. ಈ ಮನೆಗೆ ಬಂದ ಮೇಲೆ ನಾನು ನಿನ್ನ ಮಾವನ ಎದುರು ಕುಳಿತು ಉಂಡವಳಲ್ಲ. ಮದುವೆಯ ದಿನ ಪಕ್ಕದಲ್ಲಿ ಕೂರಿಸಿದ್ದರು. ಅದು ಪಕ್ಕ, ಎದುರಲ್ಲ. ಹೋಮದ ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು ಸುರಿಯುತ್ತಿತ್ತು, ಯಾರು ಯಾರನ್ನು ನೋಡಿದ್ದು? ಆಮೇಲೆ ಅವರ ಮಧ್ಯಾಹ್ನದ ಊಟ ದೇವಸ್ಥಾನದಲ್ಲಿ, ಬಂದ ಭಕ್ತರದ್ದೆಲ್ಲ ಆದ ಮೇಲೆ. ರಾತ್ರಿ ಮನೆಯಲ್ಲಿ ಅವರಿಗೆ ಫಲಾಹಾರ, ಬಡಿಸುವವಳು ನಾನು. ನನ್ನದು ಅಡುಗೆಮನೆಯಲ್ಲಿ, ಪಾತ್ರೆಗಳ ಮಧ್ಯೆ, ಎಲ್ಲರದ್ದೂ ಮುಗಿದ ಮೇಲೆ. ನಾನು ಇದನ್ನು ದೂರಾಗಿ ಹೇಳುತ್ತಿಲ್ಲ, ಹಾಗೆ ನಡೆದುಕೊಂಡು ಬಂತು. ನೀನೂ ಶ್ರೀನಂದನನೂ ಭಾನುವಾರ ಎದುರುಬದುರು ಕುಳಿತು ದೋಸೆ ತಿನ್ನುತ್ತಾ ಯಾವುದಕ್ಕೋ ನಗುವುದನ್ನು ಒಲೆಯ ಹತ್ತಿರ ನಿಂತು ನೋಡುವಾಗ ನನಗೂ ಆಸೆಯಾಗುತ್ತಿತ್ತು. ಅಷ್ಟೇ. ಒಮ್ಮೆ, ಅವರ ಎದುರು, ನಾನೂ ಕುಳಿತು.

ನಿನ್ನ ಮಾವ ಒಪ್ಪಿದರು. ಒಪ್ಪಿ ಸುಮ್ಮನಿರಬೇಕಲ್ಲ, ಹೋಟೆಲನ್ನು ಆರಿಸುವ ಕೆಲಸ ತನ್ನದೆಂದರು. ನೀನು ಹೇಳಿದ್ದೊಂದೇ ಸಾಕೆಂದು ನಾನಂದರೆ, ನೋಡದ ಜಾಗಕ್ಕೆ ಹೋಗುವುದು ಹೇಗೆ, ನಾಲ್ಕು ಜನರಲ್ಲಿ ವಿಚಾರಿಸಬೇಡವೇ ಎಂದು ಹೆಗಲಿಗೆ ಶಾಲು ಹಾಕಿಕೊಂಡು ಹೊರಟರು. ಹುಡುಗಿ ನೋಡಲು ಹೊರಟವರ ಹಾಗೆ! ಮೊದಲು ಎದುರುಮನೆಯ ಸಂಕಪ್ಪಣ್ಣನನ್ನು ಕೇಳಿದರು. ಆ ಪುಣ್ಯಾತ್ಮ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಹೋಟೆಲು ಹೇಳಿದ. ಅಲ್ಲಿಯ ಬನ್ಸ್ ಒಳ್ಳೆಯದಂತೆ. ಟ್ಯೂಬ್‌ಲೈಟಿನ ಕೆಳಗೆ, ನಮ್ಮ ಊಟ ಮುಗಿಯುವುದನ್ನೇ ಕಾಯುತ್ತಾ ನಾಲ್ಕು ಜನ ಬೆನ್ನ ಹಿಂದೆ ನಿಂತಿರುವ ಜಾಗ. ಆಮೇಲೆ ಮೂಲೆಮನೆಯ ಕ್ರಿಸ್ಟಿನಳನ್ನು ಕೇಳಿದರು. ಅವಳು ಐಸ್‌ಕ್ರೀಮಿನ ಅಂಗಡಿಯೇ ಒಳ್ಳೆಯದು, ಗಡ್‌ಬಡ್ ತಿಂದು ಬನ್ನಿ ಎಂದಳಂತೆ, ಬಿಜೈಯದ್ದೂ ಅಡ್ಡಿಯಿಲ್ಲ ಎಂದಳಂತೆ. ಅವಳ ಅತ್ತೆ ಸೆವರಿನ್ ಬಾಯಿ, ಆ ವಯಸ್ಸಿನಲ್ಲಿ, ಮೇಣದಬತ್ತಿ ಇಡುವ ಹೋಟೆಲೇ ಆಗಬೇಕು ಎಂದು ಪಟ್ಟು ಹಿಡಿದರಂತೆ. ಕೊನೆಗೆ ನಿನ್ನ ಮಾವ ತನ್ನ ತಮ್ಮ ಸುಘೋಷನಿಗೆ ಫೋನು ಮಾಡಿ, ಅವನ ಹೆಂಡತಿ ತನ್ಮಯಿ ಮೊಬೈಲಿನಲ್ಲಿ ಹುಡುಕಿ ಹೇಳಿದ ಮೇಲೆ, ಎಲ್ಲರ ಒಪ್ಪಿಗೆಯಿಂದ ನೀನು ಹೇಳಿದ ಹೋಟೆಲೇ ನಿಶ್ಚಯವಾಯಿತು. ಶ್ರೀನಂದನ ಇಬ್ಬರಿಗೆಂದು ಮೇಜು ಕಾದಿರಿಸಿದ.

ನಾನು ನಿನ್ನೆ ಹಸಿರು ಅಂಚಿನ ಆ ರೇಷ್ಮೆ ಸೀರೆ ಉಟ್ಟೆ, ಜಡೆಗೆ ಮಲ್ಲಿಗೆ ಮುಡಿದೆ. ಹೋಟೆಲು ನೀನು ಹೇಳಿದ್ದಕ್ಕಿಂತಲೂ ಚಂದ ಉಂಟು. ಮಹಡಿಯ ಅಂಚಿನಲ್ಲಿ ನಮ್ಮ ಮೇಜು, ಗಾಜಿನೊಳಗೆ ದೀಪ, ಕೆಳಗೆ ರಸ್ತೆಯ ಗಲಾಟೆ ಎಲ್ಲೋ ದೂರದಲ್ಲಿ ಎಂಬ ಹಾಗೆ. ನಿನ್ನ ಮಾವ ಎದುರು ಕುಳಿತರು. ಗ್ಯಾಸು ಆಫ್ ಮಾಡಿದ್ದೀಯಾ ಎಂದು ಕೇಳಿದರು. ಮಾಡಿದ್ದೇನೆ ಎಂದೆ. ಆಮೇಲೆ ತಿಂಡಿಗಳ ಪಟ್ಟಿಯನ್ನು ತೆಗೆದು ಸಂಕಲ್ಪ ಹೇಳುವ ಹಾಗೆ ಮೇಲಿನಿಂದ ಕೆಳಗಿನವರೆಗೆ ಓದಿದರು. ನಡುನಡುವೆ ಮೆಟ್ಟಿಲಿನ ಕಡೆ ನೋಡುತ್ತಿದ್ದರು. ನಾಚಿಕೆಯಾಗಿರಬೇಕು ಪಾಪ ಎಂದುಕೊಂಡೆ. ಎಂತ ಪಾಪ! ಆ ಮೆಟ್ಟಿಲಿನಲ್ಲಿ ಮೊದಲು ಕಂಡದ್ದು ಸಂಕಪ್ಪಣ್ಣನ ತಲೆ. ಹಿಂದೆ ಅವನ ಹೆಂಡತಿ. ಅವರ ಹಿಂದೆ ಸೆವರಿನ್ ಬಾಯಿಯ ಕೈ ಹಿಡಿದುಕೊಂಡು ಕ್ರಿಸ್ಟಿನ್. ನಾನು ಉಗುಳು ನುಂಗುವಷ್ಟರಲ್ಲಿ ಸುಘೋಷ, ತನ್ಮಯಿ. ನಿನ್ನ ಮಾವ ಎದ್ದು ನಿಂತು ಎರಡೂ ಕೈ ಚಾಚಿ, ಬನ್ನಿ ಬನ್ನಿ ಎಂದರು. ಆ ಮುಖದಲ್ಲಿ ಬಂದ ನೆಮ್ಮದಿಯನ್ನು ನೀನು ನೋಡಬೇಕಿತ್ತು ಶ್ರಾವಣಿ. ನನಗೆ ಎದೆಗೇ ನಾಟಿತು ಅದು.

ಆದದ್ದೇನೆಂದರೆ, ವಿಚಾರಿಸಲು ಹೋದಲ್ಲೆಲ್ಲ ಈ ಮನುಷ್ಯ ಊಟಕ್ಕೂ ಕರೆದು ಬಂದಿದ್ದರು. ಮಹಾಪೂಜೆ ಮುಗಿಸಿ ದೇವಸ್ಥಾನದ ಬಾಗಿಲಲ್ಲಿ ನಿಂತು, ಕಂಡವರಿಗೆಲ್ಲ ಊಟ ಮಾಡಿಯೇ ಹೋಗಬೇಕು ಎಂದು ಹೇಳಿ ಹೇಳಿ ಬಂದ ಬಾಯಿ. ಊಟದ ವಿಷಯ ಎತ್ತಿದ ಮೇಲೆ ನೀವೂ ಬನ್ನಿ ಎನ್ನದೆ ಅದಕ್ಕೆ ಮುಚ್ಚಲು ಗೊತ್ತಿಲ್ಲ. ನನಗೆ ಒಂದು ಮಾತು ಹೇಳಿದ್ದರೇ? ಇಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡಿದ್ದರಂತೆ. ಮಾಣಿಗಳು ಬಂದು ಮೇಜುಗಳನ್ನು ಎಳೆದು ಸಾಲಾಗಿ ಜೋಡಿಸಿದರು. ಒಬ್ಬ ನಮ್ಮ ದೀಪವನ್ನು ಬಾಯಿಯಿಂದ ಉಫ್ ಎಂದು ಊದಿ ಆರಿಸಿದ. ದೀಪವನ್ನು ಊದಿ ಆರಿಸುವುದುಂಟೇ? ನಾನು ಆ ಸಾಲಿನ ತುದಿಯಲ್ಲಿ, ಸೆವರಿನ್ ಬಾಯಿಯ ಪಕ್ಕ. ಅವರು ಪಾಪ, ನನ್ನ ಸೀರೆ ಮುಟ್ಟಿ ನೋಡಿ, ಇಷ್ಟು ಚಂದ ಮಾಡಿಕೊಂಡು ಬಂದಿದ್ದಿ, ಎಂತ ವಿಶೇಷ ಎಂದು ತುಳುವಿನಲ್ಲಿ ಕೇಳಿದರು. ಏನೆಂದು ಹೇಳಲಿ?

ಇದಾದರೂ ಸಹಿಸುತ್ತಿದ್ದೆ. ಊಟ ಬಂದ ಮೇಲೆ ನಿನ್ನ ಮಾವ ಕೂರಲಿಲ್ಲ. ಮಾಣಿಯ ಕೈಯಿಂದ ಪಲ್ಯದ ಬಟ್ಟಲು ಕಿತ್ತುಕೊಂಡು, ಶಾಲನ್ನು ಸೊಂಟಕ್ಕೆ ಕಟ್ಟಿ, ಬಡಿಸಲು ಶುರು ಮಾಡಿದರು. ಸಂಕಪ್ಪಣ್ಣನಿಗೆ ಇನ್ನೊಂದು ಸೌಟು, ಸೆವರಿನ್ ಬಾಯಿಗೆ ಮೆತ್ತಗಿನದ್ದು ನೋಡಿ ಸ್ವಲ್ಪ, ತನ್ಮಯಿಗೆ ನಾಚಿಕೆ ಮಾಡಬೇಡ ಎಂಬ ಉಪದೇಶ. ಹೋಟೆಲಿನ ಯಜಮಾನ ಓಡಿ ಬಂದವನು ಏನು ಮಾಡಬೇಕೆಂದು ತಿಳಿಯದೆ ನೀರಿನ ಜಗ್ಗು ಹಿಡಿದು ಅವರ ಹಿಂದೆಯೇ ನಡೆದ. ಕೊನೆಗೆ ಸಾಲಿನ ನಡುವೆ ನಿಂತು ಕೈ ಮುಗಿದು, ಎಲ್ಲರೂ ಸಾವಕಾಶ ಊಟ ಮಾಡಬೇಕು ಎಂದರು. ನನ್ನ ತಟ್ಟೆಗೂ ಬಡಿಸಿದರು. ಬಡಿಸುವಾಗ ನನ್ನ ಮುಖ ನೋಡಲಿಲ್ಲ, ತಟ್ಟೆ ನೋಡಿದರು. ಎಲ್ಲರದ್ದೂ ಆದ ಮೇಲೆ ಅವರು ಒಬ್ಬರೇ ಕುಳಿತು ಉಂಡರು. ನಾನು ಅಷ್ಟರಲ್ಲಿ ಕೈ ತೊಳೆದಾಗಿತ್ತು.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೇಳಿಯೇ ಬಿಟ್ಟೆ. ಅವರು ಅದೇ ತಣ್ಣಗಿನ ದನಿಯಲ್ಲಿ, "ಬಂದವರಿಗೆ ಬಡಿಸದೆ ನಾನು ಉಣ್ಣುದು ಹೇಗೆ ಮಾರಾಯ್ತಿ?" ಎಂದರು. ನನಗೆ ಎಲ್ಲಿತ್ತೋ ಆ ಮಾತು, "ನಾನೂ ಬಂದವಳೇ ಅಲ್ವಾ?" ಎಂದೆ. ಅವರು ಶಾಲು ಬಿಚ್ಚುತ್ತಿದ್ದವರು ಹಾಗೆಯೇ ನಿಂತರು. ಈಗಲೂ ಹೇಳಿದರೆ ಎದೆ ಉರಿಯುತ್ತದೆ. ದೇವಸ್ಥಾನಕ್ಕೆ ಬಂದ ದಾರಿಹೋಕನಿಗೆ ಸಿಗುವ ಉಪಚಾರದಲ್ಲಿ ಒಂದು ಪಾಲು ನಾನು ಕೇಳಿದ್ದು ತಪ್ಪೇ? ಹೇಳು ನೋಡುವ.

ಇವತ್ತು ಬೆಳಗ್ಗೆ ಅವರೇ ಬಂದು, ಅಮೆ ಕಳೆಯುವ ಮೊದಲು ಇನ್ನೊಮ್ಮೆ ಹೋಗುವನಾ ಎಂದು ಬಾಗಿಲ ಚೌಕಟ್ಟಿಗೆ ಹೇಳಿದರು. ನಾನು ಅವರ ಎದುರಿಗೇ ಆ ಹೋಟೆಲಿಗೆ ಫೋನು ಮಾಡಿ ಶುಕ್ರವಾರ ಮಧ್ಯಾಹ್ನಕ್ಕೆ ಮೇಜು ಹೇಳಿದೆ, ನನ್ನ ಹೆಸರಿನಲ್ಲಿ. ಎಷ್ಟು ಜನ ಎಂದು ಆ ಯಜಮಾನ ಎರಡೆರಡು ಸಲ ಕೇಳಿದ. ಯಾರಾದರೂ ಎಲ್ಲಿಗೆಂದು ಕೇಳಿದರೆ ಏನು ಹೇಳುವುದೆಂದು ನಿನ್ನ ಮಾವನಿಗೆ ಆಗಲೇ ಚಿಂತೆ. ಅತ್ತಾವರಕ್ಕೆ, ಆಸ್ಪತ್ರೆಗೆಂದು ಹೇಳಿ ಎಂದೆ. ಹಾಗೆಂದರೆ ಕ್ರಿಸ್ಟಿನ್ ಫ್ಲಾಸ್ಕು ಹಿಡಿದುಕೊಂಡು ಜೊತೆಗೆ ಬರುತ್ತಾಳೆ ಎಂದರು. ಅದೂ ನಿಜ. ಹಾಗಾಗಿ ಅಮೆ ಕಳೆಯುವ ಶನಿವಾರದ ಪುಣ್ಯಾಹದ ತನಕ ಗೇಟಿನ ಹತ್ತಿರ ನಿಲ್ಲಬಾರದು, ಯಾರೊಟ್ಟಿಗೂ ಊಟದ ವಿಷಯ ಎತ್ತಬಾರದು ಎಂದು ಕಟ್ಟುನಿಟ್ಟು ಮಾಡಿದ್ದೇನೆ. ಈಗ ಒಳಗೆ ಕುಳಿತು ಪಂಚಾಂಗ ನೋಡುತ್ತಿದ್ದಾರೆ, ತಲೆ ತಗ್ಗಿಸಿಕೊಂಡು.

ಪುಟ್ಟಿಗೆ ಹಣೆಯ ಮೇಲೊಂದು ಮುತ್ತು. ನಿನ್ನ ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ. ತಣ್ಣೀರು ಮುಟ್ಟಬೇಡ, ತಲೆಗೆ ಬಟ್ಟೆ ಕಟ್ಟಿಕೊ. ಮಗುವನ್ನೂ ನಿನ್ನನ್ನೂ ದೇವರು ತಂಪಾಗಿಡಲಿ.

ನಿನ್ನ ಅತ್ತೆ,
ಸತ್ಯಭಾಮಾ

ಮತ್ತೆ: ಶ್ರೀನಂದನ ಊಟ ಮುಗಿಸಿ ಏಳುವುದರೊಳಗೆ ಇದೊಂದು ಬರೆಯುತ್ತೇನೆ. ನಿನ್ನೆ ಅವರೆಲ್ಲ ಬರುವ ಮೊದಲು ನಾವಿಬ್ಬರೇ ಕುಳಿತಿದ್ದೆವಲ್ಲ, ಗ್ಯಾಸಿನದ್ದು ಆದ ಮೇಲೆ ನಮಗೆ ಮಾತೇ ಹುಟ್ಟಲಿಲ್ಲ. ನಾನು ದೀಪ ನೋಡಿದೆ, ಅವರು ಪಟ್ಟಿ ನೋಡಿದರು. ಮೆಟ್ಟಿಲಿನಲ್ಲಿ ಸಂಕಪ್ಪಣ್ಣನ ತಲೆ ಕಂಡಾಗ, ನಿನ್ನಲ್ಲಿ ಮಾತ್ರ ಹೇಳುತ್ತೇನೆ, ನನಗೂ ಒಂದು ಕ್ಷಣ ಉಸಿರು ಬಂದ ಹಾಗಾಯಿತು. ಶುಕ್ರವಾರ ಯಾರೂ ಬರುವುದಿಲ್ಲ. ನನಗೆ ಹೆದರಿಕೆಯಾಗುತ್ತಿದೆ ಶ್ರಾವಣಿ. ನೀನೂ ಶ್ರೀನಂದನನೂ ಹಾಗೆ ಎದುರು ಕುಳಿತಾಗ ಎಂತ ಮಾತಾಡುತ್ತೀರಿ? ಮೊದಲಿಗೆ ಯಾರು ಶುರು ಮಾಡುವುದು? ನಾಲ್ಕು ಸಾಲು ಬರೆದು ನಾಳೆ ಸಂಜೆ ಅವನ ಕೈಯಲ್ಲೇ ಕಳಿಸು.