ಅವ್ವ ಹತ್ತದ ಜೀಪು

ಮಾನ್ವಿ, ಭಾನುವಾರ, 9 ನವೆಂಬರ್ 2025

ಅವ್ವ ಬೈಯಲಿಲ್ಲ. ಅದನ್ನೇ ತಡೆದುಕೊಳ್ಳಲು ಆಗುತ್ತಿಲ್ಲ.

ಹಳೆಯ ಜೀಪನ್ನು ಎತ್ತರಿಸಿದ್ದು ನನ್ನ ಶೋಕಿಗೆ. ಹೊಸ ಸ್ಪ್ರಿಂಗ್ ದುಬಾರಿಯೆಂದು ಗುಜರಿಯಿಂದ ಟ್ರಾಕ್ಟರ್ ಟ್ರಾಲಿಯ ಗಡುಸು ಪಾಟಾ ಸ್ಪ್ರಿಂಗ್ ತಂದು ಹಾಕಿಸಿದೆ. ಯಾಕೆಂದು ಕೇಳಿದ ಅವ್ವನಿಗೆ ಮಾತ್ರ, "ದೇವದುರ್ಗದ ದಾರ್ಯಾಗ ನೀ ಕುಲುಕಬಾರ್ದು, ನಿನ್ನ ಸಲುವಾಗೇ ಎತ್ತಿಸಾಕತ್ತೀನಿ" ಎಂದಿದ್ದೆ.

ಇವತ್ತು ದೇವದುರ್ಗಕ್ಕೆ, ಚಿಕ್ಕಮ್ಮನ ಮನೆಗೆ ಹೊರಟಿದ್ದೆವು. ನಮ್ಮ ರೈಸ್‌ಮಿಲ್ಲಿನ ಅಂಗಳದಲ್ಲಿ ಅವ್ವ ಸೀರೆ ಎತ್ತಿ ಹಿಡಿದು ಕಾಲೆತ್ತಿದಳು. ಮೊಣಕಾಲು ಕೇಳಲಿಲ್ಲ. ಮತ್ತೆ ಎತ್ತಿದಳು. ಹಮಾಲರೆಲ್ಲ ನೋಡುತ್ತಿದ್ದರು. ನನಗೋ ಅವಸರ. ಅಲ್ಲೇ ಇದ್ದ ಅಕ್ಕಿ ಚೀಲ ಎಳೆದು ಅವಳ ಮುಂದೆ ಹಾಕಿದೆ.

"ಇದರ ಮ್ಯಾಲ ಕಾಲಿಟ್ಟು ಹತ್ತು ಬೇ ಯವ್ವಾ."

"ಅನ್ನ ತುಳೀಲೇನೋ?"

ಬಗ್ಗಿ ಚೀಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗೇಟಿನಾಚೆ ನಡೆದು, ಬಸ್‌ಸ್ಟ್ಯಾಂಡಿಗೆಂದು ಆಟೊ ನಿಲ್ಲಿಸಿದಳು. ನಾನು ಬೆನ್ನ ಹಿಂದೆಯೇ ನಿಂತಿದ್ದೆ.

"ಜೀಪು ನಿಂತದಲ್ಲ ಯವ್ವಾ, ಆಟೊ ಯಾಕ?" ಎಂದ ಆಟೊದವನು.

"ನನ್ನ ಸಲುವಾಗೇ ಎತ್ತಿಸ್ಯಾನಪ್ಪಾ ನನ್ನ ಮಗ," ಎಂದಳು. ದನಿಯಲ್ಲಿ ಕೊಂಕಿರಲಿಲ್ಲ, ಹೆಮ್ಮೆಯಿತ್ತು. "ನನಗೇ ಹತ್ತಾಕ ಬರವಲ್ದು."